ಹೆಂಡತಿಯ ಡಯಟ್ಟು, ಗಂಡನ ಪಥ್ಯ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಮೇಲೆ ನನಗೆ ಬಹಳ ದಿನಗಳಿಂದ ಒಂದು ತಕರಾರಿದೆ. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿ, ಬರೆದದ್ದಕ್ಕೆ ಅಂಕ ಹಾಕಿದವಳು ನಾನು. ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. ಮಿತವಾಗಿ ಉಣ್ಣಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹಸಿವಾದಾಗ ಮಾತ್ರ ಉಣ್ಣಬೇಕು. ಆ ಬಲ್ಲವನ ಊಟವನ್ನು ಬೇಯಿಸಿದವರು ಯಾರು, ಅವನು ಮಿತವಾಗಿ ಉಂಡು ಕೈ ತೊಳೆದ ಮೇಲೆ ತಪ್ಪಲೆಯಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು ಎಂದು ಇದುವರೆಗೆ ಒಂದು ಮಗುವೂ ಬರೆದಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಅವು ತಾನೇ ಹೇಗೆ ಬರೆದಾವು?

ಉಳಿದದ್ದು ಅವಳ ಹೊಟ್ಟೆಗೆ ಹೋಯಿತು. ಮಗ ಅರ್ಧ ಬಿಟ್ಟ ದೋಸೆ, ಮಾವನವರು ಬೇಡವೆಂದ ಅರ್ಧ ಮುದ್ದೆ, ಚೆಲ್ಲಲು ಮನಸ್ಸು ಬಾರದ ನಿನ್ನೆಯ ಚಿತ್ರಾನ್ನ, ಡಬ್ಬಿಯ ತಳದಲ್ಲಿ ಉಳಿದ ಮಿಕ್ಸ್ಚರ್ ಪುಡಿ. ಇವುಗಳಲ್ಲಿ ಯಾವುದನ್ನೂ ಅವಳು ಊಟ ಎಂದು ಲೆಕ್ಕ ಹಿಡಿಯುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಎಲ್ಲರದೂ ಆದ ಮೇಲೆ ತಟ್ಟೆ ಹಾಕಿಕೊಂಡು ಕೂತದ್ದು ಮಾತ್ರ ಅವಳ ಲೆಕ್ಕದಲ್ಲಿ ಊಟ. ಇಂಥವಳು ಡಾಕ್ಟರ ಮುಂದೆ ಕೂತು "ನಾನು ಏನೂ ತಿನ್ನೋದೇ ಇಲ್ಲ ಸಾರ್, ಆದ್ರೂ ದಪ್ಪ ಆಗ್ತಾ ಇದೀನಿ" ಎಂದರೆ ಡಾಕ್ಟರು ನಗುತ್ತಾರೆ. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ.

ನಮ್ಮದು ಬಬ್ಬೂರು, ಹಿರಿಯೂರಿನ ಮಗ್ಗುಲಲ್ಲೇ ಇರುವ ಊರು. ಹೊರಗಿನವರಿಗೆ ಬಬ್ಬೂರು ಎಂದರೆ ಕೃಷಿ ಸಂಶೋಧನಾ ಕೇಂದ್ರವಿರುವ ಬಬ್ಬೂರು ಫಾರಂ. ಬರದ ಸೀಮೆ ಎಂದು ಹೆಸರಾದ ಜಾಗ ಇದು. ಇಲ್ಲಿ ಹೊಟ್ಟೆ ತುಂಬುವುದು ಹೇಗೆ ಎಂಬುದೇ ತಲೆತಲಾಂತರದ ಚಿಂತೆಯಾಗಿತ್ತು. ಇಂಥ ಕಡೆಯೂ ಈಗ ಹೆಂಗಸರು ಸೇರಿದಲ್ಲಿ ತೂಕದ್ದೇ ಮಾತು. ಒಬ್ಬಳು ಬೆಳಿಗ್ಗೆ ನಿಂಬೆಹಣ್ಣು ಜೇನುತುಪ್ಪ ಕುಡಿಯುತ್ತಾಳೆ, ಇನ್ನೊಬ್ಬಳು ಹದಿನಾರು ಗಂಟೆ ಬಾಯಿ ಕಟ್ಟುತ್ತಾಳೆ, ಮತ್ತೊಬ್ಬಳು ಅನ್ನ ಮುದ್ದೆ ಎರಡನ್ನೂ ಬಿಟ್ಟು ಕೀಟೋ ಎನ್ನುತ್ತಾಳೆ. ಹಿರಿಯೂರಿಗೆ ಹೋದರೆ ತೂಕ ಇಳಿಸುವ ಪುಡಿಯ ಡಬ್ಬಿಗಳು. ಮೊಬೈಲು ತೆರೆದರೆ ಏಳು ದಿನದಲ್ಲಿ ಏಳು ಕಿಲೋ. ತಪ್ಪೇನು, ಆರೋಗ್ಯದ ಕಾಳಜಿ ಬಂದಿದೆಯಲ್ಲ ಎನ್ನುತ್ತೀರೋ? ಕಾಳಜಿಯ ಮೇಲೆ ನನಗೆ ಸಿಟ್ಟಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 23 ಮಂದಿ ಅಧಿಕ ತೂಕದವರಿದ್ದರು, 2019-21ರ ಸಮೀಕ್ಷೆಯ ಹೊತ್ತಿಗೆ 30 ಆದರು. ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ನನ್ನ ಸಿಟ್ಟು ಇರುವುದು ಈ ಡಯಟ್ಟುಗಳ ಮೇಲೆ. ಇವು ಹೆಂಗಸಿಗೆ ಏನು ಹೇಳುತ್ತವೆ ಮತ್ತು ಸೋತಾಗ ಯಾರನ್ನು ಬೈಯುತ್ತವೆ ಎಂಬುದರ ಮೇಲೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿಕ್ಷಕಿಯೊಬ್ಬರು ಇಂಥ ಪುಡಿ ಕೊಂಡರು. ಬೆಳಿಗ್ಗೆ ತಿಂಡಿಯ ಬದಲು ಒಂದು ಲೋಟ, ರಾತ್ರಿ ಊಟದ ಬದಲು ಒಂದು ಲೋಟ. ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದರು. ಶಾಲೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ಪುಡಿ ಮಾರಿದವರು ಅವರ ಫೋಟೋ ತೆಗೆದು ಅಂಗಡಿಯಲ್ಲಿ ಹಾಕಿಕೊಂಡರು. ಸಂಬಳದಲ್ಲಿ ಎಷ್ಟು ದಿನ ಡಬ್ಬಿ ಕೊಂಡಾರು? ಪುಡಿ ನಿಂತಿತು, ಮನೆಯ ಊಟ ಶುರುವಾಯಿತು, ಹತ್ತು ತಿಂಗಳಲ್ಲಿ ಇಳಿದ ಎಂಟರ ಜೊತೆಗೆ ಇನ್ನೆರಡು ಕಿಲೋ ಸೇರಿ ವಾಪಸು ಬಂತು. ಅವರು ಆ ಅಂಗಡಿಗೆ ಹೋಗಿ ಕೇಳಿದರೆ ಅಲ್ಲಿದ್ದ ಹುಡುಗ, ನನ್ನ ಬಳಿ ಓದಿದ ಮಕ್ಕಳ ವಯಸ್ಸಿನವನು, "ನಿಮ್ಗೆ ಮನೋಬಲ ಇಲ್ಲ ಮೇಡಂ" ಎಂದನಂತೆ. ಬೆಳಗಿನ ಜಾವ ಐದಕ್ಕೆ ಎದ್ದು, ನಾಲ್ಕು ಜನರಿಗೆ ಬೇಯಿಸಿಟ್ಟು, ಎರಡು ಬಸ್ಸು ಹತ್ತಿ, ಐವತ್ತು ಮಕ್ಕಳಿಗೆ ಗಣಿತ ಹೇಳಿ, ಮತ್ತೆ ಮನೆಗೆ ಹೋಗಿ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ಮನೋಬಲ ಇಲ್ಲವಂತೆ! ಅವರು ನನ್ನೆದುರು ಕಣ್ಣೀರು ಹಾಕಿದರು. ಈ ಲೇಖನ ಬರೆಯಬೇಕೆಂದು ನನಗೆ ಅನ್ನಿಸಿದ್ದು ಅವತ್ತೇ.

ಡಯಟ್ಟಿನ ಹುಚ್ಚು ಹೊಸದೇನಲ್ಲ ಅನ್ನಿ. 1863ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ದಢೂತಿ ಮನುಷ್ಯ, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ತಾನು ಇಳಿದ ಕತೆಯನ್ನು ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ. ಅವನ ಕಸುಬು ಶವಸಂಸ್ಕಾರದ ಏರ್ಪಾಟು ಮಾಡುವುದು! ಆ ಪುಸ್ತಕ ಎಷ್ಟು ಹೆಸರಾಯಿತೆಂದರೆ ಇಂಗ್ಲಿಷಿನಲ್ಲಿ ತೂಕ ಇಳಿಸುವುದಕ್ಕೇ 'ಬ್ಯಾಂಟಿಂಗ್' ಎಂಬ ಮಾತು ಹುಟ್ಟಿಕೊಂಡಿತು. ಮೊದಲಿಗೆ ಅವನು ಪ್ರತಿಗಳನ್ನು ಪುಕ್ಕಟೆ ಹಂಚಿದ್ದ. ಇಂದು ಅದೇ ಹಳೆಯ ಮಾತನ್ನು ಕೀಟೋ ಎಂಬ ಹೆಸರಿನಲ್ಲಿ ಹೇಳುವವರು ಹಂಚುವುದಿಲ್ಲ, ಮಾರುತ್ತಾರೆ.

ಮನೋಬಲದ ಮಾತಿಗೆ ಬರೋಣ. ನಾನು ವೈದ್ಯಳಲ್ಲ, ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳುವವಳು. ಆದರೆ ಓದಿ ತಿಳಿದುಕೊಳ್ಳಲು ಬಾರದವಳಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಬಲವಂತವಾಗಿ ಅಲ್ಲ, ತಾವಾಗಿಯೇ ಒಪ್ಪಿ ಬಂದವರು. ಕೊಲ್ಲುವುದು ತಪ್ಪು ಎಂದು ಯುದ್ಧಕ್ಕೆ ಹೋಗಲು ನಿರಾಕರಿಸಿದ ತರುಣರು ಅವರು. ಅಂದರೆ ಇಡೀ ದೇಶವೇ ಯುದ್ಧ ಯುದ್ಧ ಎನ್ನುವಾಗ ಒಲ್ಲೆ ಎಂದು ನಿಂತ ಗಟ್ಟಿ ಮನಸ್ಸಿನವರು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,600 ಕ್ಯಾಲರಿಯ ಆಹಾರ. ತೂಕದಲ್ಲಿ ನಾಲ್ಕನೆಯ ಒಂದು ಭಾಗ ಕರಗಿತು. ಜೊತೆಗೆ ಇನ್ನೂ ಏನೇನೋ ಆಯಿತು. ಯಾವಾಗಲೂ ಚಳಿ ಎನ್ನತೊಡಗಿದರು, ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ, ಅಡುಗೆ ಪುಸ್ತಕಗಳನ್ನು ತಂದು ಕಾದಂಬರಿಯಂತೆ ಓದುತ್ತ ಕೂತರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಎಂದ ಮೇಲೆ ಎಷ್ಟು ತಿಂದರೂ ಅವರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ಮೈಯ ಕೊಬ್ಬು ಮೊದಲಿಗಿಂತ ಹೆಚ್ಚೇ ಆಗಿ ಮರಳಿತು. ನಮ್ಮ ಹೆಂಗಸರ ಕೈಗೆ ಈಗ ಸಿಗುವ ಡಯಟ್ ಚೀಟಿಗಳಲ್ಲಿ 1,200 ಕ್ಯಾಲರಿ ಎಂದು ಬರೆದಿರುತ್ತದೆ. 1,600ಕ್ಕೇ ಆ ಗಂಡಸರ ಗತಿ ಅದಾದರೆ ಇವರ ಪಾಡೇನು?

ಆಮೇಲಿನ ವಿಜ್ಞಾನ ಇದರ ಕಾರಣವನ್ನೂ ಹೇಳಿದೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 50 ಜನರನ್ನು ಹತ್ತು ವಾರ ಕಠಿಣ ಡಯಟ್ಟಿನಲ್ಲಿಟ್ಟು, ವರ್ಷದ ಮೇಲೆ ಮತ್ತೆ ಪರೀಕ್ಷಿಸಿದ್ದನ್ನು 2011ರಲ್ಲಿ ಪ್ರಕಟಿಸಿದರು. ಹಸಿವನ್ನು ಹೆಚ್ಚಿಸುವ, ಸಾಕು ಎನ್ನಿಸುವ ಹಾರ್ಮೋನುಗಳು ವರ್ಷವಾದರೂ ಮೊದಲ ಸ್ಥಿತಿಗೆ ಬಂದಿರಲಿಲ್ಲ. ಅಮೆರಿಕದ ಟಿ.ವಿ.ಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬರುತ್ತಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರ ತೂಕ ಬಹುಮಟ್ಟಿಗೆ ಹಿಂದಿರುಗಿತ್ತು. ಆದರೆ ಸುಮ್ಮನೆ ಕೂತಾಗ ಅವರ ಮೈ ಖರ್ಚು ಮಾಡುವ ಶಕ್ತಿ ಮಾತ್ರ, ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿಯಷ್ಟು ಕಡಿಮೆಯೇ ಉಳಿದಿತ್ತು.

ಇದು ನಮ್ಮ ಸೀಮೆಯವರಿಗೆ ಅರ್ಥವಾಗದ ಸಂಗತಿಯೇನಲ್ಲ. ನಮ್ಮ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಎಷ್ಟು ಬರ ಬಂದವೋ! ಬರ ಬಂದ ವರ್ಷ ಕಾಲುವೆಗೆ ನೀರು ಬಿಡುವವರು ಏನು ಮಾಡುತ್ತಾರೆ? ತೂಬು ಇಳಿಸುತ್ತಾರೆ. ಒಂದು ಮಳೆ ಬಂದ ಕೂಡಲೇ ಪೂರ್ತಿ ಎತ್ತುವುದಿಲ್ಲ, ಮುಂದಿನ ವರ್ಷ ಏನೋ ಎಂತೋ ಎಂದು ಹಿಡಿದಿಟ್ಟುಕೊಳ್ಳುತ್ತಾರೆ. ಮೈಯೂ ಹಾಗೆಯೇ. ಬರದಲ್ಲಿ ಬದುಕಿ ಉಳಿದವರ ಮೈ ಅದು, ಏಳು ದಿನದ ಡಯಟ್ಟನ್ನು ಅದು ಬರ ಎಂದೇ ತಿಳಿಯುತ್ತದೆ. ಅದಕ್ಕೆ ಮನೋಬಲ ಇಲ್ಲ ಎಂದು ಬೈಯುವುದು, ನೀರು ಉಳಿಸಿದ ತಪ್ಪಿಗೆ ತೂಬಿನವನನ್ನು ಬೈದ ಹಾಗೆ.

ಹಾಗಾದರೆ ಸುಮ್ಮನೆ ದಪ್ಪಗಾಗುತ್ತ ಕೂರುವುದೇ? ಅಲ್ಲ. ಇಳಿದದ್ದನ್ನು ಉಳಿಸಿಕೊಂಡವರೂ ಇದ್ದಾರೆ. ಅಮೆರಿಕದಲ್ಲಿ 1994ರಲ್ಲಿ ಇಬ್ಬರು ವಿಜ್ಞಾನಿಗಳು ಅಂಥವರದೇ ಒಂದು ದಾಖಲೆ ಪುಸ್ತಕ ತೆರೆದರು. ಕನಿಷ್ಠ ಹದಿಮೂರೂವರೆ ಕಿಲೋ ಇಳಿಸಿ ಕನಿಷ್ಠ ಒಂದು ವರ್ಷ ಹಾಗೇ ಇಟ್ಟುಕೊಂಡವರಿಗೆ ಮಾತ್ರ ಅದರಲ್ಲಿ ಹೆಸರು. ಅದು ಗೆದ್ದವರ ಪಟ್ಟಿ, ಸೋತವರ ಲೆಕ್ಕ ಅದರಲ್ಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಅವರು ಏನು ಮಾಡುತ್ತಾರೆಂದು ನೋಡಿದರೆ ಬಹಳ ನೀರಸವಾಗಿದೆ. ಹೆಚ್ಚಿನವರು ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಟಿ.ವಿ. ಕಡಿಮೆ ನೋಡುತ್ತಾರೆ, ದಿನಕ್ಕೆ ಒಂದು ಗಂಟೆಯ ಹತ್ತಿರ ಮೈ ದಂಡಿಸುತ್ತಾರೆ, ಹೆಚ್ಚಾಗಿ ನಡೆಯುತ್ತಾರೆ. ಪವಾಡ ಒಂದೂ ಇಲ್ಲ. ಇನ್ನು ಯಾವ ಡಯಟ್ ಮೇಲು ಎಂಬ ಜಗಳ. ಸ್ಟ್ಯಾನ್‌ಫರ್ಡಿನಲ್ಲಿ 609 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಹಿಟ್ಟು ಸಕ್ಕರೆಯ ಅಂಶ ಕಡಿಮೆ ಎಂದು ವರ್ಷವಿಡೀ ನಡೆಸಿದರು. 2018ರಲ್ಲಿ ಬಂದ ಫಲಿತಾಂಶ, ಇಬ್ಬರದೂ ಹೆಚ್ಚುಕಡಿಮೆ ಐದಾರು ಕಿಲೋ. ಅದು ಮೇಲೋ ಇದು ಮೇಲೋ ಎಂದು ಹೊಡೆದಾಡಬೇಕಾಗಿಲ್ಲ ಎಂದಾಯಿತು. ಮುಖ್ಯವಾದ ಪ್ರಶ್ನೆ ಒಂದೇ. ಇದನ್ನು ನಾನು ಸಾಯುವ ತನಕ ಮಾಡಬಲ್ಲೆನೇ?

ಈ ಪ್ರಶ್ನೆಯನ್ನು ನಮ್ಮ ಊರಿನ ಒಂದು ಅಡುಗೆಮನೆಯಲ್ಲಿ ನಿಂತು ಕೇಳಿ ನೋಡಿ. ಬೆಳಗಿನ ಆರು ಗಂಟೆ. ಮಕ್ಕಳ ಡಬ್ಬಿಗೆ ಪಲಾವು ಆಗಬೇಕು. ಅತ್ತೆಗೆ ಹಲ್ಲಿಲ್ಲ, ಮೆತ್ತಗೆ ಇಡ್ಲಿ ಆಗಬೇಕು. ಗಂಡನಿಗೆ ಚಪಾತಿ, ಪಲ್ಯ. ಇವಿಷ್ಟರ ನಡುವೆ ಡಯಟ್ ಚೀಟಿ ಹೇಳುತ್ತದೆ, ನಿಮಗೆ ಬೇರೆಯಾಗಿ ಓಟ್ಸ್ ಗಂಜಿ, ಬೇರೆಯಾಗಿ ಬೇಯಿಸಿದ ತರಕಾರಿ, ಬೇರೆಯಾಗಿ ಮೊಳಕೆ ಕಾಳು. ಅಂದರೆ ನಾಲ್ಕನೆಯ ಪಾತ್ರೆ. ಅದನ್ನು ಅವಳು ಇಪ್ಪತ್ತು ದಿನ ಇಡುತ್ತಾಳೆ, ನಲವತ್ತು ದಿನ ಇಡುತ್ತಾಳೆ. ಆಮೇಲೆ ಯುಗಾದಿ ಬರುತ್ತದೆ, ತೇರುಮಲ್ಲೇಶ್ವರನ ಜಾತ್ರೆಗೆ ನೆಂಟರು ಬರುತ್ತಾರೆ, ಮಗನಿಗೆ ಪರೀಕ್ಷೆ, ಮಗಳಿಗೆ ಬಾಣಂತನ. ಗ್ಯಾಸು, ಹೊತ್ತು, ಕೈ ಯಾವುದೂ ಸಾಲುವುದಿಲ್ಲ. ಒಂದು ಪಾತ್ರೆ ಒಲೆಯಿಂದ ಇಳಿಯಲೇಬೇಕು. ಯಾವುದು ಇಳಿಯುತ್ತದೆ? ನಾಲ್ಕನೆಯದು. ಅದು ಅವಳದಲ್ಲವೇ?

ಇದನ್ನು ಒಂದು ಮನೆಯಲ್ಲಿ ನಾನು ಕಣ್ಣಾರೆ ಕಂಡೆ. ಆ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರದೊಳಗೆ ಇಡೀ ಮನೆಯ ಅಡುಗೆ ಬದಲಾಯಿತು. ಸಕ್ಕರೆ ಡಬ್ಬಿ ಅಟ್ಟ ಹತ್ತಿತು. ಮಕ್ಕಳೂ ಬೆಲ್ಲ ಸಕ್ಕರೆಯಿಲ್ಲದ ಕಾಫಿ ಕುಡಿದರು. ಹಬ್ಬಕ್ಕೆ ಹೋಳಿಗೆ ಕೂಡ ಲೆಕ್ಕದ್ದು. ಹೆಂಡತಿ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಓಣಿಯೆಲ್ಲ ಹೊಗಳಿತು. ಒಂದೂವರೆ ವರ್ಷದ ಮೇಲೆ ಅದೇ ಹೆಂಡತಿಗೆ ಮಂಡಿನೋವು ಬಂತು. ಹತ್ತು ಕಿಲೋ ಇಳಿಸಿ ಎಂದರು ಡಾಕ್ಟರು. ಆಗ ಆ ಮನೆಯ ಒಲೆಯ ಮೇಲೆ ಒಂದು ಸೌಟು ಎಣ್ಣೆಯೂ ಕಡಿಮೆಯಾಗಲಿಲ್ಲ. ಅವಳು ಎಲ್ಲರಿಗೂ ಪೂರಿ ಕರಿದು ಬಡಿಸಿ, ತಾನು ಮೂಲೆಯಲ್ಲಿ ಕೂತು ಸೌತೆಕಾಯಿ ತಿಂದಳು. "ಇವತ್ತೊಂದಿನ ತಿನ್ನಮ್ಮ, ಏನಾಗುತ್ತೆ" ಎಂದು ಒತ್ತಾಯ ಮಾಡಿದವರೂ ಅವರೇ, ತಿಂದ ಮೇಲೆ "ನಿನ್ನ ಕೈಲಿ ಬಾಯಿ ಕಟ್ಟಕ್ಕಾಗಲ್ಲ ಬಿಡು" ಎಂದವರೂ ಅವರೇ. ಗಂಡನಿಗೆ ಬಂದರೆ ಅದು ಪಥ್ಯ, ಮನೆಗೆಲ್ಲ ಸೇರಿದ್ದು. ಹೆಂಡತಿಗೆ ಬಂದರೆ ಅದು ಡಯಟ್ಟು, ಅವಳೊಬ್ಬಳ ಶೋಕಿ. ನಾನು ಕೇಳುವುದು ಇಷ್ಟೇ, ಅವಳ ಮಂಡಿಗೂ ಒಂದು ಪಥ್ಯ ಯಾಕಿಲ್ಲ?

ನಮ್ಮ ಮನೆಯ ವಿಷಯ ಹೇಳಿದರೆ ಜಂಬ ಎನ್ನಬಾರದು. 2019ರಲ್ಲಿ ನನ್ನ ತೂಕ 74 ಕಿಲೋ, ಎತ್ತರ ಐದು ಅಡಿ ಒಂದಂಗುಲ. ಸಕ್ಕರೆ ಗಡಿಯಲ್ಲಿತ್ತು. ಬೇರೆ ಪಾತ್ರೆ ಇಡುವುದಿಲ್ಲ, ಇರುವ ಪಾತ್ರೆಯಲ್ಲೇ ಬದಲಾಗಬೇಕು ಎಂದು ನಾನು ಮೊದಲ ದಿನವೇ ಹೇಳಿದೆ. ನಮ್ಮ ಮನೆಯವರು ಮೂರು ದಿನ ತಟ್ಟೆ ತಳ್ಳಿದರು. ಸಾರು ಸಪ್ಪೆ, ಪಲ್ಯಕ್ಕೆ ಒಗ್ಗರಣೆಯೇ ಇಲ್ಲ ಎಂದು. ಅವರಿಗೆ ಲೆಕ್ಕ ಬರೆಯುವುದೆಂದರೆ ಪ್ರಾಣ, ಹಾಲಿನವನ ಲೆಕ್ಕದಿಂದ ಹಿಡಿದು ಪೇಪರಿನವನ ಲೆಕ್ಕದವರೆಗೆ ಎಲ್ಲಕ್ಕೂ ನೋಟುಬುಕ್ಕು. ಎಣ್ಣೆಯ ಲೆಕ್ಕವನ್ನೂ ನೀವೇ ಬರೆಯಿರಿ ಎಂದು ಕೊಟ್ಟೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕೂವರೆ ಲೀಟರು ಖರ್ಚಾಗುತ್ತಿದೆ ಎಂದು ತಿಳಿದಾಗ ಅವರೇ ಗಾಬರಿಯಾದರು. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲರಿ. ಆಮೇಲೆ ಕಾವಲು ಕಾಯುವ ಕೆಲಸ ಅವರದೇ ಆಯಿತು. ಈಗ ಎರಡು ಲೀಟರಿನ ಮೇಲೆ ಹೋಗುವುದಿಲ್ಲ. ಅತ್ತೆಯವರದು ಬೇರೆ ಆಕ್ಷೇಪ. ಮಿಕ್ಕದ್ದನ್ನು ಚೆಲ್ಲಿದರೆ ಅನ್ನಪೂರ್ಣೆ ಮುನಿಯುತ್ತಾಳೆ ಎಂದರು. ಸರಿಯಾದ ಮಾತೇ. ಹಾಗಾಗಿ ಚೆಲ್ಲುವುದು ಬೇಡ ಎಂದು ಅಕ್ಕಿಯಲ್ಲೇ ಅರ್ಧ ಪಾವು ಕಡಿಮೆ ಹಾಕಿದೆ. ಮಿಗಲಿಲ್ಲ, ಅನ್ನಪೂರ್ಣೆಯೂ ಮುನಿಯಲಿಲ್ಲ.

ಮುದ್ದೆ ಚಿಕ್ಕದಾಯಿತು, ಸಾರು ದೊಡ್ಡದಾಯಿತು. ಹುರುಳಿಕಾಳು, ಅವರೆಕಾಳು, ಸೊಪ್ಪು ಬಸಿದ ಸಾರು ಎಲ್ಲ ಹಳೆಯದೇ, ಪಾಲು ಮಾತ್ರ ಬದಲಾಯಿತು. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯಲ್ಲಿ ಮಂಡಕ್ಕಿ ಉಳಿಯಿತು, ಮೆಣಸಿನಕಾಯಿ ಬಜ್ಜಿ ಭಾನುವಾರಕ್ಕೆ ಹೋಯಿತು. ರಾತ್ರಿ ಏಳೂವರೆಗೆ ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕೂರುವುದು, ಬೇಕಾದವರು ಬಡಿಸಿಕೊಳ್ಳುವುದು. ಇದಕ್ಕೆ ಅತ್ತೆಯವರು ಒಪ್ಪಲು ಎರಡು ತಿಂಗಳು ಹಿಡಿಯಿತು, ಸೊಸೆ ಜೊತೆಯಲ್ಲಿ ಕೂತು ಉಣ್ಣುವುದು ಅವರು ಕಂಡದ್ದಲ್ಲ. ನನ್ನನ್ನು ಕೇಳಿದರೆ ಎಣ್ಣೆಗಿಂತ, ಅಕ್ಕಿಗಿಂತ ನನಗೆ ಹೆಚ್ಚು ಉಪಕಾರ ಮಾಡಿದ್ದು ಇದೇ. ಕೊನೆಗೆ ಉಣ್ಣುವವಳಿಗೆ ಹಸಿವೆಯ ಲೆಕ್ಕ ಸಿಗುವುದಿಲ್ಲ, ಪಾತ್ರೆ ಖಾಲಿ ಮಾಡುವ ಲೆಕ್ಕ ಮಾತ್ರ ಸಿಗುತ್ತದೆ. ಎರಡು ವರ್ಷದಲ್ಲಿ ಒಂಬತ್ತು ಕಿಲೋ ಇಳಿಯಿತು. ಇಂದಿಗೂ 65ರ ಆಚೀಚೆ ನಿಂತಿದೆ. ಪಟ್ಟಿಯ ಪ್ರಕಾರ ನಾನಿನ್ನೂ ದಪ್ಪವೇ, ಇರಲಿ. ಮಂಡಿ ಹೇಳಿದ ಮಾತು ಕೇಳುತ್ತದೆ, ಸಕ್ಕರೆ ಗಡಿ ದಾಟಿಲ್ಲ.

ರಾಗಿಯ ಬಗ್ಗೆ, ಸಿರಿಧಾನ್ಯದ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಊರಿನವರು ಬಿಡುವುದಿಲ್ಲ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲಂತೂ ನಮ್ಮ ನವಣೆ, ಸಾಮೆಗಳು ಹೊಳೆಯುವ ಪೊಟ್ಟಣ ಸೇರಿ ನಮಗೇ ಎಟುಕದ ಬೆಲೆಗೆ ಬಂದವು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು, ಅದರಲ್ಲಿ ಸಂಶಯವಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಕ್ಕಿಯಲ್ಲಿ ಸುಮಾರು 355. ಇಷ್ಟೇ ಅಂತರ. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂದು ಎರಡು ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಇಳಿಯುವುದೆಲ್ಲಿ? ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುವುದು ನಿಜ. ನಾವು ಹಿಟ್ಟು ತಿನ್ನುವುದನ್ನು ಉಳಿಸಿಕೊಂಡು ಬೆಟ್ಟ ಕೀಳುವುದನ್ನು ಬಿಟ್ಟಿದ್ದೇವೆ. ನನ್ನ ಅಜ್ಜಿ ಕಳೆ ತೆಗೆದು, ರಾಗಿ ಬೀಸಿ, ನೀರು ಹೊತ್ತು ಆಮೇಲೆ ಮುದ್ದೆ ತಿನ್ನುತ್ತಿದ್ದರು.

ನಡೆಯೋಣ ಎಂದರೆ ಅದಕ್ಕೂ ಹೆಂಗಸಿಗೆ ಕಾರಣ ಬೇಕು. ಬೆಳಿಗ್ಗೆ ನಾನು ಇನ್ನಿಬ್ಬರ ಜೊತೆ ಫಾರಂ ಕಡೆ ನಡೆಯತೊಡಗಿದ ಹೊಸತರಲ್ಲಿ ಎದುರಾದವರೆಲ್ಲ "ಏನ್ ಟೀಚರಮ್ಮ, ಬಸ್ ತಪ್ಪೋಯ್ತಾ?" ಎನ್ನುತ್ತಿದ್ದರು. ಕೈಯಲ್ಲಿ ಬಿಂದಿಗೆಯಿಲ್ಲ, ಚೀಲವಿಲ್ಲ, ಹೆಂಗಸು ಸುಮ್ಮನೆ ನಡೆಯುತ್ತಾಳೆ ಎಂದರೆ ಊರಿಗೆ ಅನುಮಾನ. ಗಂಡಸು ನಡೆದರೆ ವಾಕಿಂಗು. ಈಗ ಅಭ್ಯಾಸವಾಗಿದೆ, ಹನ್ನೊಂದು ಜನ ಆಗಿದ್ದೇವೆ.

ತೂಕದ ಯಂತ್ರವನ್ನೇ ದೇವರು ಮಾಡಿಕೊಂಡವರಿಗೆ ನಮ್ಮ ಪಕ್ಕದ ಚೆನ್ನೈನ ಸಂಗತಿ ಹೇಳುತ್ತೇನೆ. ಅಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಜೊತೆಯವರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು ನಡೆಯಲು ಹೇಳಿಸಿಕೊಂಡ ಗುಂಪಿನಲ್ಲಿ ಮೂರು ವರ್ಷದಲ್ಲಿ ಕಾಯಿಲೆ ಬರುವ ಪ್ರಮಾಣ, ಸುಮ್ಮನಿದ್ದ ಗುಂಪಿಗಿಂತ ಶೇಕಡ 28ರಷ್ಟು ತಗ್ಗಿತು. ಗಮನಿಸಬೇಕಾದದ್ದು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಮುಳ್ಳು ಅಲ್ಲೇ ನಿಂತಿದ್ದರೂ ಒಳಗೆ ಒಳ್ಳೆಯದಾಗಿತ್ತು. ಪುಡಿ ಅಂಗಡಿಯ ಹುಡುಗ ಇಂಥವರನ್ನು ಕಂಡರೆ ಮನೋಬಲವಿಲ್ಲ ಎಂದು ಮನೆಗೆ ಕಳಿಸುತ್ತಿದ್ದ.

2025ರಿಂದ ತೂಕ ಇಳಿಸುವ ಹೊಸ ಸೂಜಿಗಳು ನಮ್ಮ ದೇಶಕ್ಕೂ ಬಂದಿವೆ. ಡಾಕ್ಟರು ನೋಡಿ, ಕಾಯಿಲೆ ಇದ್ದವರಿಗೆ ಕೊಟ್ಟರೆ ನನ್ನದೇನೂ ಅಭ್ಯಂತರವಿಲ್ಲ. ಅವು ಕೆಲಸ ಮಾಡುತ್ತವೆ. ಆದರೆ ಸೆಮಾಗ್ಲುಟೈಡ್ ಎಂಬ ಆ ಔಷಧ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ವರ್ಷದೊಳಗೆ ಮರಳಿತು ಎಂದು 2022ರಲ್ಲೇ ವರದಿಯಾಗಿದೆ. ಸೂಜಿಯನ್ನೂ ಬದುಕಿಡೀ ಚುಚ್ಚಿಕೊಳ್ಳಬೇಕು. ಮದುವೆಗೆ ಮುಂಚೆ ಮೂರು ತಿಂಗಳು ಎನ್ನುವವರು ಇದನ್ನು ತಿಳಿದಿರಬೇಕು.

ಮದುವೆಯ ಮಾತು ಬಂತಲ್ಲ, ನನಗೆ ಹೊಟ್ಟೆ ಉರಿಯುವುದು ಅಲ್ಲೇ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನೆಯಲ್ಲಿ ತಲೆತಿರುಗಿ ಬಿದ್ದಳು. ನೀರು ಚಿಮುಕಿಸಿ, ಕೂರಿಸಿ, ಏನು ತಿಂದೆ ಎಂದು ಕೇಳಿದರೆ ಹಿಂದಿನ ದಿನ ಬೆಳಿಗ್ಗೆಯಿಂದ ಒಂದು ಬಾಳೆಹಣ್ಣು ಬಿಟ್ಟು ಏನೂ ತಿಂದಿಲ್ಲ. ಬಿಸಿಯೂಟದ ಸಾಲಿನಲ್ಲಿ ಹದಿನೈದು ದಿನದಿಂದ ಅವಳು ಕೂತೇ ಇರಲಿಲ್ಲ. ಅವಳ ಅತ್ತೆ, ಅಪ್ಪನ ತಂಗಿ, ಊರಿಂದ ಬಂದವರು "ಹಿಂಗೇ ಊದ್ಕೊಂಡ್ರೆ ನಿನ್ನ ಯಾರ್ ಮದ್ವೆ ಆಗ್ತಾರೆ" ಎಂದಿದ್ದರಂತೆ. ಹದಿನಾಲ್ಕು ವರ್ಷದ, ಬೆಳೆಯುವ ಮಗು. ಅವಳು ದಪ್ಪವೂ ಅಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು ಚಿಲ್ಲರೆ. 2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ರಕ್ತಹೀನತೆ ಇತ್ತು. ಒಂದು ಕಡೆ ಕೊಬ್ಬು ಹೆಚ್ಚು, ಇನ್ನೊಂದು ಕಡೆ ರಕ್ತ ಕಡಿಮೆ, ಎಷ್ಟೋ ಸಲ ಒಂದೇ ಮೈಯಲ್ಲಿ ಎರಡೂ. ಬೆಳೆಯುವ ಹುಡುಗಿಯರಿಗೆ ಯಾರೂ ಡಯಟ್ ಹೇಳಕೂಡದು, ತೂಕದ ಚಿಂತೆಯಿದ್ದರೆ ಡಾಕ್ಟರಿಗೆ ತೋರಿಸಬೇಕು. ಆ ಹುಡುಗಿಗೆ ಬೇಕಾಗಿದ್ದದ್ದು ಕಾಳು, ಸೊಪ್ಪು, ಮೊಟ್ಟೆ, ಆಟದ ಬಯಲು. ಸಿಕ್ಕಿದ್ದು ವರನ ಕಡೆಯವರ ತಕ್ಕಡಿ.

ಗಂಡಸರಿಗೇನು ಹೊಟ್ಟೆ ಬಂದಿಲ್ಲವೇ, ಅವರನ್ನು ಯಾಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ಬಂದಿದೆ. ಭಾರತೀಯರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ದಾಟಬಾರದು ಎಂದು ವೈದ್ಯರು ಹೇಳುತ್ತಾರೆ. ಒಂದು ಟೇಪು ತಂದು ಮನೆಯಲ್ಲಿ ಎಲ್ಲರ ಸೊಂಟ ಅಳೆಯಿರಿ. ಒಂದೇ ಪಾತ್ರೆಯಲ್ಲಿ ಉಂಡವರ ಅಳತೆ ಬಹಳ ಬೇರೆಯಿರುವುದಿಲ್ಲ. ಹಾಗಿದ್ದ ಮೇಲೆ ಇಡೀ ಮನೆಗೆ ಒಂದೇ ಪಥ್ಯ ಎಂದರೆ ಗಂಡಸರಿಗೂ ಅದು ಶಿಕ್ಷೆಯಲ್ಲ. ಇನ್ನು, ಕೈಯಲ್ಲಿ ಸಂಬಳವಿದೆ, ನಿಮ್ಮ ಮಾತು ನಡೆಯುತ್ತದೆ, ಹೊಸದಾಗಿ ಬಂದ ಸೊಸೆ ಒಗ್ಗರಣೆ ಕಡಿಮೆ ಮಾಡಿದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದವರೂ ಉಂಟು. ಗೊತ್ತು. ಆದ್ದರಿಂದಲೇ ಆ ಸೊಸೆಗೆ ಡಯಟ್ ಚೀಟಿ ಕೊಟ್ಟು ಕಳಿಸುವುದು ಅನ್ಯಾಯ ಎನ್ನುತ್ತೇನೆ. ಅವಳ ಕೈಯಲ್ಲಿ ಇಲ್ಲದ್ದನ್ನು ಅವಳು ಮಾಡಲಿಲ್ಲವೆಂದು ಬೈಯುವುದು ಯಾವ ನ್ಯಾಯ?

ಕಳೆದ ವರ್ಷ ಹೆಂಗಸರ ಸಂಘವೊಂದರಲ್ಲಿ ಪೌಷ್ಟಿಕ ಆಹಾರದ ಬಗ್ಗೆ ಭಾಷಣವಿತ್ತು. ಬಂದವರು ಚೆನ್ನಾಗಿಯೇ ಮಾತಾಡಿದರು. ಎಣ್ಣೆ, ಉಪ್ಪು, ಸಕ್ಕರೆ ಎಲ್ಲ ಹೇಳಿದರು. ಕೇಳಲು ಕೂತವರು ಅರವತ್ತು ಹೆಂಗಸರು, ಒಬ್ಬ ಗಂಡಸೂ ಇಲ್ಲ. ಇವರ ಗಂಡಂದಿರನ್ನು, ಅತ್ತೆಯರನ್ನು ಯಾಕೆ ಕರೆಯಲಿಲ್ಲ ಎಂದು ನಾನು ಎದ್ದು ಕೇಳಿದೆ. "ಅವ್ರು ಬರಲ್ಲ ಮೇಡಂ" ಎಂದು ನಕ್ಕರು. ಸಾರು ಸಪ್ಪೆಯಾದ ದಿನ ತಟ್ಟೆ ತಳ್ಳುವವರು ಅವರು, ಪಾಠ ಕೇಳಬೇಕಾದವರು ಇವರು!

ಆಗಿನಿಂದ ಪೋಷಕರ ಸಭೆಯ ಚೀಟಿಯಲ್ಲಿ ತಂದೆ ಬರಲೇಬೇಕು ಎಂದು ನಾನು ಕೈಯಾರೆ ಬರೆದು ಕಳಿಸುತ್ತಿದ್ದೇನೆ. ಮಕ್ಕಳ ಅಂಕದ ಮಾತು ಮುಗಿದ ಮೇಲೆ ಹತ್ತು ನಿಮಿಷ ಊಟದ ಮಾತು. ಮೊದಲ ಸಲ ನಾಲ್ಕು ಜನ ಬಂದರು. ಕಳೆದ ಸಲ ಹದಿನೇಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಲಾರಿ ಡ್ರೈವರು, ಸಂಕೋಚ ಪಡುತ್ತಲೇ ಎದ್ದು, "ಮನೇಲಿ ಮುದ್ದೆ ಎಷ್ಟು ಗಾತ್ರ ಕಟ್ಟಬೇಕು ಅಂತ ಹೇಳ್ಬಿಡಿ ಮೇಡಂ, ನಾನೇ ಹೇಳ್ತೀನಿ ಅವ್ಳಿಗೆ" ಎಂದರು. ಹೇಳುವುದು ಬೇಡ, ಒಂದು ದಿನ ನೀವೇ ಹಿಟ್ಟು ತಿರುವಿ ಕಟ್ಟಿ ಎಂದೆ. ಉಳಿದ ಹದಿನಾರು ಜನರೂ ನಕ್ಕರು. ಆತ ಮಾತ್ರ ನಗದೆ, ಎಸರಿಗೆ ಎಷ್ಟು ನೀರು ಇಡಬೇಕು ಎಂದು ಕೇಳಿದರು.